ತೇಜಸ್ವಿಯವರ ಕೊನೆಯ ವ್ಯವಸಾಯ

ಶ್ರೀ ಪೂರ್ಣಚಂದ್ರ ತೇಜಸ್ವಿಯವರ ಬಾಳನ್ನು ಕುರಿತು ನಮ್ಮಲ್ಲಿ ಬಂದಿರುವ ಬರಹಗಳು ಕಡಮೆಯೇನಲ್ಲ. ಕವಿಪುತ್ರರೆಂದು, ಕಾಫಿ ತೋಟದ ಯಜಮಾನರೆಂದು, ‘ಕರ್ವಾಲೊ’ ಬರೆದ ಕಾದಂಬರಿಕಾರರೆಂದು, ಹಕ್ಕಿಗಳ ಬೆನ್ನುಹತ್ತಿದ ಛಾಯಾಗ್ರಾಹಕರೆಂದು ಅವರನ್ನು ಬಲ್ಲವರು ಬಹುಮಂದಿ. ಆದರೆ ಆಯುಷ್ಯದ ಕೊನೆಯ ವರ್ಷಗಳಲ್ಲಿ ಕನ್ನಡದ ಗಣಕಯಂತ್ರದ ಸಲುವಾಗಿ ಅವರು ಪಟ್ಟ ಶ್ರಮವನ್ನು ನಮ್ಮ ಸಾಹಿತ್ಯ ಚರಿತ್ರಕಾರರು ಒಂದೆರಡು ವಾಕ್ಯಗಳಲ್ಲಿ ಮುಗಿಸಿ ಮುಂದೆ ಸಾಗುತ್ತಾರೆ. ದೊಡ್ಡವರಿಗೆ ಹಿಡಿದ ಒಂದು ಚಿಕ್ಕ ಗೀಳು ಎಂಬಂತೆ ಅದನ್ನು ಬದಿಗಿಡುವುದು ವಾಡಿಕೆಯಾಗಿದೆ. ವರ್ಷವರ್ಷವೂ ತರಗತಿಯಲ್ಲಿ ಅವರ ಕಥೆಗಳನ್ನು ಪಾಠ ಹೇಳುತ್ತಿರುವ ನನಗೆ ಈ ವಾಡಿಕೆ ಸರಿಯೆಂದು ತೋರುವುದಿಲ್ಲ. ಅವರ ಬಾಳನ್ನು ಮೊದಲಿನಿಂದ ನೋಡುತ್ತ ಬಂದರೆ ಆ ಕೊನೆಯ ಕೆಲಸ ಹಿಂದಿನ ಕೆಲಸಗಳ ಮುಂದುವರಿಕೆಯಾಗಿಯೇ ಕಾಣುತ್ತದೆ.

ಅವರು ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ತೀರ್ಥಹಳ್ಳಿ ಸೀಮೆಯ ಕುಪ್ಪಳಿಯ ಮನೆತನದಲ್ಲಿ. ಬೆಳೆದದ್ದು ಬಹುಪಾಲು ಮೈಸೂರಿನಲ್ಲಿ, ಕುವೆಂಪು ಅವರ ‘ಉದಯರವಿ’ಯಲ್ಲಿ. ಅಂತಹ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ಕಾವ್ಯದ ವಾತಾವರಣ ಬೇಡಿದಷ್ಟೂ ದೊರೆಯಿತು. ಆತನ ಕೈಗಳಿಗೆ ಮಾತ್ರ ಬೇರೆಯದೇ ಹಸಿವು. ‘ಅಣ್ಣನ ನೆನಪು’ ಓದಿದವರಿಗೆ ಇದು ಗೊತ್ತಿರುವ ಸಂಗತಿ. ತಂದೆಯನ್ನು ಕುರಿತ ಆ ಗ್ರಂಥದಲ್ಲಿ ಮಹಾಕವಿಯ ದರ್ಶನಕ್ಕೆ ಎಷ್ಟು ಸ್ಥಳವಿದೆಯೋ, ಕಾರು, ಕೋವಿ, ಕ್ಯಾಮೆರಾಗಳಿಗೂ ಹೆಚ್ಚು ಕಡಮೆ ಅಷ್ಟೇ ಸ್ಥಳವಿದೆ. ಯಂತ್ರವನ್ನು ಕಂಡರೆ ಕೈಮುಗಿದು ದೂರ ನಿಲ್ಲುವ ಸ್ವಭಾವ ಅವರದಲ್ಲ. ಅದರ ಒಳಗೇನಿದೆಯೆಂದು ಬಿಚ್ಚಿ ನೋಡಬೇಕು.

ಮಹಾರಾಜಾ ಕಾಲೇಜಿನಲ್ಲಿ ಓದಿ, ಕನ್ನಡ ಎಂ. ಎ. ಪದವಿ ಪಡೆದ ತರುಣನಿಗೆ ಆ ಕಾಲದಲ್ಲಿ ಅಧ್ಯಾಪಕ ವೃತ್ತಿ ಕಾದಿರುತ್ತಿತ್ತು. ಕುವೆಂಪು ಅವರ ಮಗನಿಗಂತೂ ದಾರಿ ಸುಗಮವಾಗಿಯೇ ಇದ್ದಿರಬೇಕು. ಅವರು ಅದನ್ನು ಬಿಟ್ಟು ಮೂಡಿಗೆರೆಯ ಕಾಡಂಚಿಗೆ ಹೋಗಿ ಕಾಫಿ ಬೆಳೆಯತೊಡಗಿದರು. 1966ರಲ್ಲಿ ಶ್ರೀಮತಿ ರಾಜೇಶ್ವರಿಯವರೊಡನೆ ಪುರೋಹಿತರಿಲ್ಲದೆ, ಕುವೆಂಪು ಅವರ ಮಂತ್ರಮಾಂಗಲ್ಯದ ಕ್ರಮದಲ್ಲಿ ವಿವಾಹವಾಯಿತು. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಪ್ರಕಟವಾದಾಗ ಅದರ ಮುನ್ನುಡಿಯಲ್ಲಿ ನವ್ಯ ಮಾರ್ಗಕ್ಕೆ ಬೆನ್ನು ತಿರುಗಿಸಿ, ಹೊಸ ದಿಗಂತದ ಕಡೆಗೆ ಹೊರಟಿರುವುದಾಗಿ ಸಾರಿದರು. ಲೋಹಿಯಾ ಅವರ ಸಮಾಜವಾದ, ಕುವೆಂಪು ಅವರ ವೈಚಾರಿಕತೆ, ಕಾರಂತರ ಜೀವನ ಪ್ರಯೋಗಗಳು ತಮಗೆ ದಾರಿ ತೋರಿದವೆಂಬುದನ್ನು ಅವರು ಮರೆಮಾಚಲಿಲ್ಲ. ಈ ಕಥೆಯೆಲ್ಲ ಪರೀಕ್ಷೆಯ ಟಿಪ್ಪಣಿಗಳಲ್ಲಿಯೂ ಸಿಕ್ಕುವುದರಿಂದ ಬೆಳೆಸಬೇಕಾಗಿಲ್ಲ.

‘ಕರ್ವಾಲೊ’ 1980ರಲ್ಲಿ ಹೊರಬಂದಿತು. ಹಾರುವ ಓತಿಯೊಂದನ್ನು ಹುಡುಕಿಕೊಂಡು ಹೋಗುವ ಆ ತಂಡದಲ್ಲಿ ದೊಡ್ಡ ವಿಜ್ಞಾನಿಯಷ್ಟೇ ಅಗತ್ಯವಾದವನು ಜೇನು ಹಿಡಿಯುವ ಮಂದಣ್ಣ. ಓದುಬರಹ ಅಷ್ಟಕ್ಕಷ್ಟೆಯಾದ ಆತನ ಕಣ್ಣಿಗೆ ಬಿದ್ದದ್ದರಿಂದಲೇ ಆ ಪ್ರಾಣಿ ವಿಜ್ಞಾನಕ್ಕೆ ಸಿಕ್ಕುತ್ತದೆ. ತಿಳಿವಳಿಕೆ ಪದವೀಧರರ ಸ್ವತ್ತಲ್ಲ ಎಂಬ ಈ ನಂಬಿಕೆಯನ್ನು ತೇಜಸ್ವಿಯವರು ತಮ್ಮ ಬಾಳಿನಲ್ಲಿಯೂ ನಡೆಸಿದರು. ಛಾಯಾಗ್ರಹಣವನ್ನು ಯಾವ ಶಾಲೆಯಲ್ಲಿಯೂ ಕಲಿಯದೆ ಪೊದೆಯ ಮರೆಯಲ್ಲಿ ಗಂಟೆಗಟ್ಟಲೆ ಕುಳಿತು ಕಲಿತರು. ಪ್ರಪಂಚದ ವಿಜ್ಞಾನ ವಾರ್ತೆಯನ್ನು ‘ಮಿಲೆನಿಯಮ್’ ಸರಣಿಯ ಪುಸ್ತಕಗಳಲ್ಲಿ ಹಳ್ಳಿಯ ಹುಡುಗನೂ ಓದುವಂತೆ ಕನ್ನಡಕ್ಕೆ ತಂದರು. ಪುಸ್ತಕದ ಬೆಲೆ ಏರದಂತೆ ಎಚ್ಚರ ವಹಿಸಿದರು. ಇಂತಹ ಮನುಷ್ಯ ಗಣಕಯಂತ್ರದ ಮುಂದೆ ಕುಳಿತಾಗ ಏನಾಗಬೇಕೋ ಅದೇ ಆಯಿತು.

ಇಲ್ಲಿ ಓದುಗರಲ್ಲಿ ಕೆಲವರಿಗೆ ಯಂತ್ರಾಂಶ, ತಂತ್ರಾಂಶ ಎಂಬ ಮಾತುಗಳನ್ನು ಬಿಡಿಸಿ ಹೇಳುವುದು ಒಳಿತು. ನಾನು ವಾಸಿಸುವ ಮಧುರೆಯಿಂದ ದೊಡ್ಡಬಳ್ಳಾಪುರಕ್ಕೆ ಹೋದರೆ ಬೀದಿಬೀದಿಯಲ್ಲಿ ರೇಷ್ಮೆ ಸೀರೆಯ ವಿದ್ಯುತ್ ಮಗ್ಗಗಳ ಸದ್ದು ಕೇಳುತ್ತದೆ. ಮಗ್ಗದ ನೆತ್ತಿಯ ಮೇಲಿನ ಜಕಾರ್ಡಿಗೆ ತೂತು ಹೊಡೆದ ರಟ್ಟುಗಳ ಸರವನ್ನು ಪೋಣಿಸಿರುತ್ತಾರೆ. ಮಗ್ಗ ಅದೇ, ರಟ್ಟುಗಳನ್ನು ಬದಲಾಯಿಸಿದರೆ ಅಂಚಿನ ಹಂಸ ಹೋಗಿ ಮಾವಿನಕಾಯಿ ಬರುತ್ತದೆ. ಮಗ್ಗ ಯಂತ್ರಾಂಶ, ರಟ್ಟಿನ ಸರ ತಂತ್ರಾಂಶ. ಗಣಕದಲ್ಲಿ ಈ ಎರಡೂ ಕೆಲವೇ ವರ್ಷಗಳಿಗೊಮ್ಮೆ ಹೊಸದಾಗುತ್ತವೆ. ಹೊಸ ಮಗ್ಗಕ್ಕೆ ಹಳೆಯ ರಟ್ಟು ಹೊಂದದಿದ್ದರೆ ನೇಕಾರನ ಪಾಡೇನು? ಕನ್ನಡ ಬರೆಯುವವರಿಗೆ ಒದಗಿದ್ದು ಇದೇ ಸಂಕಟ.

ಇಂಗ್ಲಿಷಿಗಾಗಿ ರೂಪಿಸಿದ ಗಣಕದಲ್ಲಿ ಒಂದು ಅಕ್ಷರಮಾಲೆಗೆ 256 ಮನೆಗಳು ಮಾತ್ರ ಇದ್ದವು. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಕನ್ನಡದ ಆಕಾರಗಳು ಅಷ್ಟರಲ್ಲಿ ಹಿಡಿಯುವುದಿಲ್ಲ. ಆದ್ದರಿಂದ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಒತ್ತು ಎಂದು ತುಂಡರಿಸಿ, ಆ ತುಂಡುಗಳನ್ನು ಇಂಗ್ಲಿಷ್ ಚಿಹ್ನೆಗಳ ಮನೆಗಳಲ್ಲಿ ಗುಟ್ಟಾಗಿ ಕೂರಿಸಿದರು. ತೆರೆಯ ಮೇಲೆ ಕನ್ನಡ, ಯಂತ್ರದ ಹೊಟ್ಟೆಯಲ್ಲಿ ಇಂಗ್ಲಿಷ್. ಸಾಲದುದಕ್ಕೆ ಪ್ರತಿಯೊಬ್ಬ ತಂತ್ರಾಂಶಕಾರನೂ ತನಗೆ ತೋಚಿದಂತೆ ಮನೆಗಳನ್ನು ಹಂಚಿದ. ಒಂದರಲ್ಲಿ ಬರೆದ ಪತ್ರ ಇನ್ನೊಂದರಲ್ಲಿ ತೆರೆದರೆ ಪ್ರೇತಬರಹ. 1998ರಲ್ಲಿ ಶ್ರೀ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನವರು ಸರ್ಕಾರಕ್ಕಾಗಿ ಸಿದ್ಧಪಡಿಸಿದ ‘ನುಡಿ’ ಬಂದು ಸಾವಿರಾರು ಮಂದಿಗೆ ಕನ್ನಡದಲ್ಲಿ ಬರೆಯುವ ಅನುಕೂಲವಾಯಿತೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಶ್ರೀ ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವಂತೂ ಇಂದಿಗೂ ನಮ್ಮ ಬೆರಳುಗಳಲ್ಲಿ ಕುಳಿತಿದೆ. ಆದರೆ ಹೊಟ್ಟೆಯೊಳಗಿನ ಗೊಂದಲ ಹಾಗೆಯೇ ಉಳಿಯಿತು.

ಇದು ಬರಿಯ ತಾಂತ್ರಿಕ ತೊಡಕಲ್ಲ. ನನಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರು ನಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ಅನೇಕ ವರ್ಷ ಕೂಡಿಹಾಕಿ, ಒಂದು ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿದ್ದರು. ಅಂಗಡಿಯವರು ಗಣಕವನ್ನು ಹೊಸದು ಮಾಡಿಸಿದರು. ಹಳೆಯ ಅಕ್ಷರಜಾತಿ ಹೊಸದರಲ್ಲಿ ಇರಲಿಲ್ಲ. ನಾನೇ ಹೋಗಿ ನೋಡಿದೆ. ಕುಂಟೆ, ಕೂರಿಗೆ, ಮೇಣಿ, ನೊಗ ಎಂದಿದ್ದ ಕಡೆಯಲ್ಲೆಲ್ಲ ತಲೆಬುಡವಿಲ್ಲದ ರೋಮನ್ ಚಿಹ್ನೆಗಳು. ಹಿರಿಯರು ಕನ್ನಡಕ ತೆಗೆದು ಒರಸಿಕೊಂಡು ಮತ್ತೆ ನೋಡಿದರು. ಓಲೆಗರಿಯಾಗಿದ್ದರೆ ಗೆದ್ದಲು ತಿಂದಿತೆನ್ನಬಹುದಿತ್ತು. ಇಲ್ಲಿ ಏನೂ ನಾಶವಾಗಿಲ್ಲ, ಆದರೂ ಓದಲು ಬರುವುದಿಲ್ಲ.

ತೇಜಸ್ವಿಯವರು ಈ ಅಪಾಯವನ್ನು ಕಂಡದ್ದು ಪಂಡಿತರಾಗಿ ಅಲ್ಲ, ತಮ್ಮ ಪುಸ್ತಕದ ಪುಟಗಳನ್ನು ತಾವೇ ಗಣಕದಲ್ಲಿ ಕಟ್ಟಲು ಹೊರಟ ಬರಹಗಾರರಾಗಿ. ಯಂತ್ರ ಕನ್ನಡವನ್ನು ಅರಿಯದಿದ್ದರೆ ಮುಂದಿನ ಪೀಳಿಗೆ ಯಂತ್ರವನ್ನು ಬಿಡುವುದಿಲ್ಲ, ಕನ್ನಡವನ್ನು ಬಿಡುತ್ತದೆ ಎಂಬ ಆತಂಕ ಅವರದು. ಆದ್ದರಿಂದ ಪತ್ರಿಕೆಗಳಲ್ಲಿ ಬರೆದರು, ಸಭೆಗಳಲ್ಲಿ ಮಾತಾಡಿದರು, ಅಧಿಕಾರಿಗಳನ್ನು ತರುಬಿದರು. ಸರ್ಕಾರದ ಮನ್ನಣೆ ಒಂದೇ ತಂತ್ರಾಂಶಕ್ಕೆ ಮೀಸಲಾಗಬಾರದೆಂದೂ, ಭಾಷೆಯ ಸಲಕರಣೆ ಯಾರೊಬ್ಬರ ಬೀಗದ ಕೈಯಲ್ಲಿಯೂ ಇರಬಾರದೆಂದೂ ಅವರ ನಿಲುವು. ಮಾತು ಬಿರುಸಾಗಿದ್ದದ್ದುಂಟು, ಕನ್ನಡಕ್ಕಾಗಿಯೇ ದುಡಿಯುತ್ತಿದ್ದ ಇತರರು ಅದರಿಂದ ನೊಂದಿರಲೂಬಹುದು. ಈ ಜಗಳದಲ್ಲಿ ಒಂದೇ ಪಕ್ಷಕ್ಕೆ ಸಂಪೂರ್ಣ ನ್ಯಾಯವಿತ್ತೆಂದು ನಾನು ಹೇಳಲಾರೆ. ಆದರೆ ಅವರು ದೂರುತ್ತ ಕೂರಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನು ಈ ಕೆಲಸಕ್ಕೆ ಹಚ್ಚಿ, ತರುಣ ತಂತ್ರಜ್ಞರ ಬೆನ್ನಿಗೆ ನಿಂತು, ಇನ್ನೊಂದು ತಂತ್ರಾಂಶ ಸಿದ್ಧವಾಗುವಂತೆ ಮಾಡಿದರು. ಅದಕ್ಕೆ ಇಟ್ಟ ಹೆಸರು ‘ಕುವೆಂಪು’. ವಿಜ್ಞಾನವನ್ನೂ ಕನ್ನಡದಲ್ಲಿಯೇ ಕಲಿಸಬೇಕೆಂದು ಜೀವನವಿಡೀ ವಾದಿಸಿದ ತಂದೆಯ ಹೆಸರನ್ನು ಮಗ ಪ್ರತಿಮೆಗೂ ರಸ್ತೆಗೂ ಬಯಸದೆ ಇಂತಹ ಸಲಕರಣೆಗೆ ಒಪ್ಪಿದ್ದರಲ್ಲಿ ಎಷ್ಟೊಂದು ಔಚಿತ್ಯವಿದೆ!

ಅಷ್ಟರಲ್ಲಿ ಹೊರಗಿನ ಪ್ರಪಂಚ ಬೇರೊಂದು ದಾರಿಯನ್ನು ಸಿದ್ಧಮಾಡಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಲೆಕ್ಕದಲ್ಲಿ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿಯೇ ಬಂದು, ಅದರಲ್ಲಿ ಕನ್ನಡಕ್ಕೆ 128 ಮನೆಗಳು ದೊರೆತಿದ್ದವು. ಅಲ್ಲಿ ಸಂಖ್ಯೆ ಕೊಡುವುದು ಆಕಾರದ ತುಂಡಿಗಲ್ಲ, ವರ್ಣಕ್ಕೆ. ‘ಕ್ಷ’ ಎಂಬುದು ಕಕಾರ, ಸ್ವರವಿಲ್ಲವೆಂಬ ಗುರುತು, ಷಕಾರ ಎಂಬ ಮೂರರ ಸಾಲು. ಅದನ್ನು ಬೆಸೆದು ಚಿತ್ರಿಸುವ ಭಾರ ಅಕ್ಷರಜಾತಿಯದು. ಕೇಶಿರಾಜನನ್ನು ಓದಿದವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಸ್ವರ, ವ್ಯಂಜನಗಳನ್ನು ಬೇರ್ಪಡಿಸಿ ಎಣಿಸುವ ನಮ್ಮ ವೈಯಾಕರಣರ ಕ್ರಮಕ್ಕೆ ಹಳೆಯ ತುಂಡು ಅಕ್ಷರಗಳಿಗಿಂತ ಇದೇ ಹತ್ತಿರ. ಅಕಾರಾದಿಯಾಗಿ ಪದಗಳನ್ನು ಜೋಡಿಸುವುದೂ, ಸಾವಿರ ಪುಟಗಳಲ್ಲಿ ಒಂದು ಪದವನ್ನು ಹುಡುಕುವುದೂ ಇದರಿಂದ ಸಾಧ್ಯವಾಯಿತು. 2001ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರೊಡನೆ ‘ತುಂಗಾ’ ಎಂಬ ಕನ್ನಡ ಅಕ್ಷರಜಾತಿಯೂ ಬಂದಿತು. ಕುಪ್ಪಳಿಯ ಸೀಮೆಯ ಹೊಳೆಯ ಹೆಸರೇ ಅದು! ಆದರೆ ದೇಶವೆಲ್ಲ ಬಳಸುತ್ತಿದ್ದ ಪೇಜ್‌ಮೇಕರ್, ಅದೇ ವರ್ಷ ಬಂದ ತನ್ನ ಕೊನೆಯ ಆವೃತ್ತಿಯಲ್ಲಿಯೂ ಯೂನಿಕೋಡನ್ನು ಅರಿಯದೆಯೇ ಉಳಿಯಿತು. ಮುದ್ರಕರು ಪೇಜ್‌ಮೇಕರನ್ನು ಬಿಡಲಿಲ್ಲ. ಹೀಗಾಗಿ ಹಳೆಯ ಪದ್ಧತಿ ಮುದ್ರಣಾಲಯಗಳಲ್ಲಿ ದೀರ್ಘಕಾಲ ಬದುಕಿತು.

ಈ ಕೆಲಸಕ್ಕೆ ತೊಡಗದಿದ್ದರೆ ತೇಜಸ್ವಿಯವರಿಂದ ಇನ್ನೊಂದು ಕಾದಂಬರಿ ಬರುತ್ತಿತ್ತೇನೋ ಎಂದು ನನ್ನ ವಿದ್ಯಾರ್ಥಿಗಳು ಕೆಲವೊಮ್ಮೆ ಕೇಳುವುದುಂಟು. ಪ್ರಶ್ನೆ ಸಹಜವಾದದ್ದು. ‘ಚಿದಂಬರ ರಹಸ್ಯ’ದಂತಹ ಇನ್ನೊಂದು ಕೃತಿ ಬಂದಿದ್ದರೆ ಯಾರಿಗೆ ತಾನೆ ಬೇಡ? ಆದರೆ ಲೇಖಕನೆಂದರೆ ಬರೆದು ಕೊಟ್ಟು ಸುಮ್ಮನಾಗುವವನು, ಅಚ್ಚು, ಕಾಗದ, ಯಂತ್ರಗಳೆಲ್ಲ ಇತರರ ಚಿಂತೆ ಎಂಬ ಭಾವನೆಯೇ ಅವರಲ್ಲಿ ಇರಲಿಲ್ಲ. ಮಂಗಳೂರಿನಲ್ಲಿ 1843ರಲ್ಲಿ ಕಲ್ಲಚ್ಚಿನಲ್ಲಿ ಪತ್ರಿಕೆ ಹೊರಡಿಸಿದ ಮೋಗ್ಲಿಂಗನ ಶ್ರಮವನ್ನು ಸಾಹಿತ್ಯ ಚರಿತ್ರೆಯಲ್ಲಿ ಗೌರವದಿಂದ ಬರೆಯುವ ನಾವು ಈ ಶ್ರಮಕ್ಕೆ ಅದೇ ಗೌರವವನ್ನು ಏಕೆ ಕೊಡಬಾರದೆಂಬುದು ನನಗೆ ತಿಳಿಯದು.

‘ಕುವೆಂಪು’ ತಂತ್ರಾಂಶವನ್ನು ಇಂದು ಬಳಸುವವರು ನನ್ನ ಬಳಗದಲ್ಲಿ ಯಾರೂ ಇಲ್ಲ. ಯೂನಿಕೋಡಿನ ಪ್ರವಾಹದಲ್ಲಿ ಅದೂ, ಅದರೊಡನೆ ಹೋರಾಡಿದ ಹಳೆಯ ಆವೃತ್ತಿಗಳೂ ಹಿಂದೆ ಉಳಿದವು. ತೇಜಸ್ವಿಯವರು ಅದನ್ನು ನೋಡಲು ಇರಲಿಲ್ಲ. 2007ರ ಏಪ್ರಿಲ್ 5ರಂದು ಮೂಡಿಗೆರೆಯ ತೋಟದ ಮನೆ ‘ನಿರುತ್ತರ’ದಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ಹಠಾತ್ತನೆ ತೀರಿಕೊಂಡರು.

ಕರ್ನಾಟಕ ಸರ್ಕಾರ ಯೂನಿಕೋಡನ್ನು ತನ್ನ ಶಿಷ್ಟತೆಯಾಗಿ ಅಂಗೀಕರಿಸಿದ್ದು ಐದು ವರ್ಷಗಳ ಅನಂತರ, 2012ರಲ್ಲಿ. ಅದೇ ವರ್ಷ ವಿಂಡೋಸಿನ ಹೊಸ ಆವೃತ್ತಿಯಲ್ಲಿ ‘ತುಂಗಾ’ ಹಿಂದೆ ಸರಿದು, ‘ನಿರ್ಮಲಾ’ ಎಂಬ ಬೇರೊಂದು ಅಕ್ಷರಜಾತಿ ಮುಂದೆ ಬಂದಿತು. ತುಂಗಾದಲ್ಲಿ ನಾವು ಬರೆದಿಟ್ಟಿದ್ದ ಕನ್ನಡ ಮಾತ್ರ ನಿರ್ಮಲಾದಲ್ಲಿಯೂ ಒಂದಕ್ಷರವೂ ಕೆಡದೆ ತೆರೆದುಕೊಂಡಿತು.