ಲಾಳಗಾರನ ಮಗನಾದ ವಿಲಿಯಂ ಡಿಕ್ಕರ ಚರಿತ್ರೆ

ನಮ್ಮ ಸಭೆಗಳಲ್ಲಿ ಹೆಚ್ಚಿನವರು ಒಕ್ಕಲುತನದವರೂ ಕೂಲಿಯವರೂ ಆಗಿರುವದರಿಂದ, ಕೊಟ್ಟಿಗೆಯ ಹಸುವೊಂದು ಮೇವು ಬಿಟ್ಟು ನಿಂತರೆ ಆ ಮನೆಯವರಿಗೆ ರಾತ್ರಿ ನಿದ್ರೆ ಬಾರದೆಂಬದನ್ನು ನಾವು ಬಲ್ಲೆವು. ಅಂಥ ದಿನದಲ್ಲಿ ಕೆಲವರು ದನದ ಆಸ್ಪತ್ರೆಗೆ ಹೋಗುವರು. ಬೇರೆ ಕೆಲವರು, ದೀಕ್ಷಾಸ್ನಾನ ಹೊಂದಿದವರು ಸಹ, ನೆರೆಯವರ ಮಾತಿಗೆ ಸೋತು ತಾಯಿತ ಕಟ್ಟಿಸುವರು, ಇಲ್ಲವೆ ಕಾದ ಕಬ್ಬಿಣದಿಂದ ಬರೆ ಎಳೆಸುವರು. ಅವರನ್ನು ಗದರಿಸುವದಕ್ಕೆ ನಾವು ಈ ಲೇಖನವನ್ನು ಬರೆಯುತ್ತಾ ಇಲ್ಲ. ಸಬ್ಬತ್ ದಿನದಲ್ಲಿ ಬಾವಿಗೆ ಬಿದ್ದ ಎತ್ತಿನ ವಿಷಯವಾಗಿ ನಮ್ಮ ಕರ್ತನು ಕೇಳಿದ ಪ್ರಶ್ನೆಯನ್ನು ಬಲ್ಲವರಿಗೆ, ಪಶುಗಳ ಸಂಕಟವು ಸಣ್ಣ ಸಂಗತಿಯಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಮೂಕ ಪ್ರಾಣಿಯ ರೋಗವನ್ನು ಕಣ್ಣಿನಿಂದಲೂ ಕೈಯಿಂದಲೂ ತಿಳಿದುಕೊಳ್ಳುವ ವಿದ್ಯೆಯು ಯಾರ ಪ್ರಯಾಸದಿಂದ ಬೆಳೆಯಿತೆಂದು ಅರಿಯುವದು ಒಳ್ಳೇದು. ಆದದರಿಂದ ಸ್ಕಾಟ್ಲೆಂಡ್ ದೇಶದ ಮೊದಲನೆಯ ಪಶುವೈದ್ಯಶಾಲೆಯನ್ನು ಕಟ್ಟಿದ ವಿಲಿಯಂ ಡಿಕ್ಕರ ಜೀವನವನ್ನು ವಾಚಕರ ಮುಂದೆ ಇಡುತ್ತೇವೆ.

ವಿಲಿಯಂ ಡಿಕ್ಕರು ೧೭೯೩ನೆಯ ಇಸವಿಯ ಮೇ ತಿಂಗಳಲ್ಲಿ, ಎಡಿನ್‌ಬರೋ ಪಟ್ಟಣದ ಕ್ಯಾನನ್‌ಗೇಟ್ ಬೀದಿಗೆ ಸೇರಿದ ವೈಟ್ ಹಾರ್ಸ್ ಕ್ಲೋಸ್ ಎಂಬ ಇಕ್ಕಟ್ಟಾದ ಓಣಿಯಲ್ಲಿ ಹುಟ್ಟಿದರು. ತಂದೆಯಾದ ಜಾನ್ ಡಿಕ್ ಎಂಬವನು ಕುದುರೆಗಳಿಗೆ ಲಾಳ ಹೊಡೆಯುವ ಕಮ್ಮಾರನು. ನಮ್ಮಲ್ಲಿ ಕೆಲವು ಕಡೆ ನಾಲಬಂದರೆಂದು ಕರೆಯುವರಲ್ಲಾ, ಅಂಥ ಕಸುಬಿನವನು. ರೈಲೂ ಮೋಟಾರೂ ಇಲ್ಲದ ಆ ಕಾಲದಲ್ಲಿ ಹೊಲ ಉಳುವದೂ ಬಂಡಿ ಎಳೆಯುವದೂ ಟಪಾಲು ಒಯ್ಯುವದೂ ಕುದುರೆಯ ಕೆಲಸವಾಗಿತ್ತು. ಕುದುರೆಗೆ ಕಾಯಿಲೆಯಾದರೆ ಒಡೆಯನು ಅದನ್ನು ಲಾಳಗಾರನ ಬಳಿಗೇ ತರುವನು. ಲಾಳಗಾರನು ತನ್ನ ಹಿರಿಯರಿಂದ ಕಲಿತ ಪ್ರಕಾರ ರಕ್ತ ತೆಗೆಯುವನು, ಬರೆ ಹಾಕುವನು, ಭೇದಿಯ ಉಂಡೆಯನ್ನು ಗಂಟಲಿಗಿಳಿಸುವನು. ಕುದುರೆ ಬದುಕಿದರೆ ಇವನ ಕೈಗುಣವೆಂದೂ ಸತ್ತರೆ ಅದರ ವಿಧಿಯೆಂದೂ ಜನರು ಹೇಳಿಕೊಳ್ಳುವರು. ಈ ರೀತಿಯು ನಮ್ಮ ಹಳ್ಳಿಗಳಿಗೆ ಅಪರಿಚಿತವಾದದ್ದೇನೂ ಅಲ್ಲ.

ಬಾಲಕನಾದ ವಿಲಿಯಂ ತಿದಿ ಒತ್ತುತ್ತಾ ಅಡಿಗಲ್ಲಿನ ಬಳಿಯಲ್ಲಿಯೇ ಬೆಳೆದನು. ಲಾಳ ಹೊಡೆಯುವದು ಒರಟು ಕೆಲಸವೆಂದು ಯಾರೂ ತಿಳಿಯಬಾರದು. ಗೊರಸಿನ ಹೊರಗೋಡೆಯು ನಮ್ಮ ಉಗುರಿನಂತೆ ನೋವನ್ನರಿಯದ್ದು. ಅದರ ಒಳಗಡೆ ರಕ್ತವೂ ನರಗಳೂ ತುಂಬಿದ ಜೀವಭಾಗವಿದೆ. ಇವೆರಡರ ನಡುವೆ ಬಿಳಿಯ ಗೆರೆಯೊಂದು ಮಾತ್ರ ಮೇರೆಯಾಗಿರುವದು. ಮೊಳೆಯು ಆ ಗೆರೆಯ ಹೊರಗೆ ನಡೆದರೆ ಕುದುರೆಯು ಸುಮ್ಮನೆ ನಿಲ್ಲುವದು. ಗೆರೆಯನ್ನು ದಾಟಿ ಒಳಗೆ ಹೋದರೆ ಕುಂಟಾಗುವದು, ಕೀವು ತುಂಬಿ ಕೆಲವೊಮ್ಮೆ ಕಾಲೇ ಕೆಡುವದು. ಹೀಗೆ ಕೂದಲೆಳೆಯಷ್ಟು ಅಂತರದಲ್ಲಿ ಒಂದು ಬಡವನ ಜೀವನವು ಅಡಗಿದೆಯೆಂಬದನ್ನು ವಿಲಿಯಂ ಪುಸ್ತಕದಿಂದಲ್ಲ, ತಂದೆಯ ಕುಲುಮೆಯಿಂದಲೇ ಕಲಿತುಕೊಂಡನು.

ಆದರೆ ಅಷ್ಟಕ್ಕೆ ಅವನ ಮನಸ್ಸು ತೃಪ್ತಿಪಡಲಿಲ್ಲ. ಚರ್ಮದ ಒಳಗೆ ಏನಿದೆಯೆಂಬದನ್ನು ತಿಳಿಯಬೇಕೆಂಬ ಹಂಬಲವು ಅವನಲ್ಲಿ ಹುಟ್ಟಿತು. ಮನುಷ್ಯರ ವೈದ್ಯವಿದ್ಯೆಗೆ ಎಡಿನ್‌ಬರೋ ಪಟ್ಟಣವು ಆಗ ಬಹು ಪ್ರಸಿದ್ಧವಾಗಿತ್ತು. ಅಲ್ಲಿ ಜಾನ್ ಬಾರ್ಕ್ಲೇ ಎಂಬವರು ಶರೀರರಚನೆಯ ವಿಷಯವಾಗಿ ಪಾಠ ಹೇಳುತ್ತಿದ್ದರು. ಇವರು ಮೊದಲು ಸ್ಕಾಟ್ಲೆಂಡಿನ ಸಭೆಯಲ್ಲಿ ಪ್ರಸಂಗ ಮಾಡುವದಕ್ಕೆ ಅಪ್ಪಣೆ ಹೊಂದಿದವರಾಗಿದ್ದು, ಆಮೇಲೆ ಶರೀರಶಾಸ್ತ್ರಕ್ಕೆ ತಮ್ಮನ್ನು ಒಪ್ಪಿಸಿಕೊಂಡವರು. ಮನುಷ್ಯನ ದೇಹದೊಂದಿಗೆ ಪಶುಗಳ ದೇಹವನ್ನೂ ಹೋಲಿಸಿ ಕಲಿಸುವದು ಅವರ ಪದ್ಧತಿಯಾಗಿತ್ತು. ವೈದ್ಯರಾಗಬೇಕೆಂದಿದ್ದ ಯುವಕರ ನಡುವೆ ಈ ಕಮ್ಮಾರನ ಮಗನು ಹೋಗಿ ಕೂತನು. ಬಾರ್ಕ್ಲೇಯವರು ಇವನ ಕುಲವನ್ನು ಲೆಕ್ಕಿಸದೆ ಬುದ್ಧಿಯನ್ನು ನೋಡಿದರು. ಪಶುವೈದ್ಯಕ್ಕೆ ಸ್ಕಾಟ್ಲೆಂಡಿನಲ್ಲಿಯೂ ಶಾಲೆ ಬೇಕೆಂದು ಮೊದಲೇ ಯೋಚಿಸಿದ್ದ ಆ ದೊಡ್ಡವರು ಕಡೆಯ ವರೆಗೂ ಇವನ ಬೆನ್ನಿಗೆ ನಿಂತರು.

ಆ ಕಾಲದಲ್ಲಿ ಬ್ರಿಟನ್ನಿನಲ್ಲಿ ಇದ್ದ ಪಶುವೈದ್ಯಶಾಲೆ ಒಂದೇ. ಅದು ೧೭೯೧ರಲ್ಲಿ ಲಂಡನಿನಲ್ಲಿ ಸ್ಥಾಪಿತವಾದದ್ದು. ಲೋಕದಲ್ಲಿ ಇಂಥ ಶಾಲೆಗಳಲ್ಲಿ ಮೊದಲನೆಯದನ್ನು ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದಲ್ಲಿ ಕ್ಲೋಡ್ ಬೂರ್ಜೆಲಾ ಎಂಬವರು ತೆರೆದಿದ್ದರು. ಅದಕ್ಕೆ ೧೭೬೧ರಲ್ಲಿ ಅರಸನ ಅಪ್ಪಣೆಯು ದೊರೆಯಿತು. ಡಿಕ್ಕರು ೧೮೧೭ರಲ್ಲಿ ಲಂಡನಿಗೆ ಹೋದರು. ಅಲ್ಲಿನ ಮುಖ್ಯಸ್ಥನಾದ ಎಡ್ವರ್ಡ್ ಕೋಲ್ಮನ್ ಎಂಬವನು ಮನುಷ್ಯರ ಶಸ್ತ್ರವೈದ್ಯನಾಗಿ ಕಲಿತು ಬಂದವನು. ಶಾಲೆಯ ಲಕ್ಷ್ಯವೆಲ್ಲಾ ಕುದುರೆಗಳ ಮೇಲೆ, ಅದರಲ್ಲಿಯೂ ದಂಡಿನ ಕುದುರೆಗಳ ಮೇಲೆ ಇತ್ತು. ಹಾಲು ಕೊಡುವ ಹಸುವಿಗೂ ಉಣ್ಣೆ ಕೊಡುವ ಕುರಿಗೂ ಅಲ್ಲಿ ಹೆಚ್ಚಿನ ಸ್ಥಳವಿರಲಿಲ್ಲ. ಡಿಕ್ಕರು ಮೂರೇ ತಿಂಗಳು ಅಲ್ಲಿದ್ದು ೧೮೧೮ರ ಜನವರಿಯಲ್ಲಿ ಪದವಿಪತ್ರ ಹೊಂದಿ ಊರಿಗೆ ಮರಳಿದರು. ಮೂರು ತಿಂಗಳ ಕಲಿಕೆಯಿಂದ ಪಶುವೈದ್ಯನೆನಿಸಬಹುದಾಗಿದ್ದ ಕಾಲವದು.

ಊರಿಗೆ ಬಂದವರು ತಂದೆಯ ಕುಲುಮೆಯಲ್ಲಿ ಮೊದಲಿನಂತೆಯೇ ಕೆಲಸಕ್ಕೆ ನಿಂತರು. ಜೊತೆಗೆ ಪಾಠ ಹೇಳುವದಕ್ಕೂ ಪ್ರಯತ್ನಿಸಿದರು. ಕೇಳುವದಕ್ಕೆ ಜನರು ಬರಲಿಲ್ಲ. ಪಶುವಿನ ವೈದ್ಯವನ್ನು ಪಾಠವಾಗಿ ಕಲಿಯುವದೆಂದರೆ ದೊಡ್ಡವರಿಗೆ ಅವಮಾನವೂ ಲಾಳಗಾರರಿಗೆ ಹಾಸ್ಯವೂ ಆಗಿತ್ತು. ೧೮೨೧ರಲ್ಲಿ ಕೈಕಸುಬಿನವರಿಗೆ ಶಾಸ್ತ್ರಗಳನ್ನು ಕಲಿಸುವದಕ್ಕೋಸ್ಕರ ಆ ಪಟ್ಟಣದಲ್ಲಿ ಸ್ಕೂಲ್ ಆಫ್ ಆರ್ಟ್ಸ್ ಎಂಬ ಶಾಲೆಯು ಹುಟ್ಟಿದಾಗ ಅಲ್ಲಿಯೂ ಲಾಳಗಾರಿಕೆಯ ಪಾಠಗಳನ್ನು ಹೇಳಿದರು. ಕಡೆಗೆ ಒಕ್ಕಲಿಗರ ಏಳಿಗೆಗಾಗಿ ಇದ್ದ ಹೈಲೆಂಡ್ ಸೊಸೈಟಿಯು, ಬಾರ್ಕ್ಲೇ ಮುಂತಾದವರ ಒತ್ತಾಯದಿಂದ, ೧೮೨೩ರಲ್ಲಿ ಇವರ ಪಾಠಗಳಿಗೆ ಆಶ್ರಯ ಕೊಟ್ಟು ೫೦ ಪೌಂಡುಗಳನ್ನು ಒದಗಿಸಿತು. ಆ ವರುಷದ ನವೆಂಬರಿನಲ್ಲಿ ಕಾಲ್ಟನ್ ಗುಡ್ಡದ ಬಳಿಯ ಒಂದು ಕೋಣೆಯಲ್ಲಿ ಪಾಠಗಳು ಆರಂಭವಾದವು. ಈಗಿನ ಶಾಲೆಯು ತನ್ನ ಹುಟ್ಟನ್ನು ಆ ದಿನದಿಂದಲೇ ಎಣಿಸುತ್ತದೆ. ಸೊಸೈಟಿಯವರು ಕುದುರೆಗಳಿಗಿಂತಲೂ ದನಕುರಿಗಳ ರೋಗಗಳನ್ನು ಮರೆಯಬಾರದೆಂದು ಬಯಸಿದರು. ಡಿಕ್ಕರ ಮನಸ್ಸೂ ಅದೇ ಆಗಿತ್ತು.

ಕಲಿಸುವ ರೀತಿಯನ್ನು ಸ್ವಲ್ಪ ವಿವರಿಸಬೇಕು, ಯಾಕಂದರೆ ಈ ಚರಿತ್ರೆಯ ತಿರುಳು ಅದರಲ್ಲಿದೆ. ವಿದ್ಯಾರ್ಥಿಗಳಲ್ಲಿ ಲಾಳಗಾರರ ಮಕ್ಕಳೂ ಒಕ್ಕಲಿಗರ ಮಕ್ಕಳೂ ಬಹಳ ಮಂದಿ. ಚಳಿಗಾಲದಲ್ಲಿ ಹೊಲದ ಕೆಲಸ ಕಡಿಮೆಯಿರುವಾಗ ಪಾಠಗಳು ನಡೆಯುವವು. ಆದರೆ ಪಾಠದ ಕೋಣೆಗಿಂತಲೂ ಕ್ಲೈಡ್ ಬೀದಿಯ ಕುಲುಮೆಯೂ ಅದರ ಅಂಗಳವೂ ದೊಡ್ಡ ಶಾಲೆಯಾಗಿತ್ತು. ಅಲ್ಲಿಗೆ ದಿನಾಲು ಕುಂಟುವ ಕುದುರೆಗಳೂ ಕಾಯಿಲೆಯ ಪಶುಗಳೂ ಬರುವವು. ಗುರುಗಳು ಮದ್ದನ್ನು ಹೇಳುವದಕ್ಕೆ ಮುಂಚೆ ಶಿಷ್ಯರಿಗೆ ನೋಡುವದನ್ನು ಕಲಿಸುವರು. ಒಂದು ಕುದುರೆಯು ಯಾವ ಕಾಲಿನಲ್ಲಿ ಕುಂಟುತ್ತದೆಂದು ತಿಳಿಯುವದು ಹೇಗೆ? ಅದನ್ನು ಗಟ್ಟಿ ನೆಲದ ಮೇಲೆ ಮೆಲ್ಲಗೆ ಓಡಿಸಬೇಕು. ಮುಂಗಾಲಿನಲ್ಲಿ ನೋವಿದ್ದರೆ, ಆ ಕಾಲು ನೆಲ ಮುಟ್ಟುವಾಗ ಕುದುರೆಯು ತಲೆಯನ್ನು ಮೇಲಕ್ಕೆತ್ತುವದು. ಒಳ್ಳೆಯ ಕಾಲು ಮುಟ್ಟುವಾಗ ತಲೆ ತಗ್ಗುವದು. ಆಮೇಲೆ ಗೊರಸಿನಿಂದ ಮೇಲಕ್ಕೆ ಕೈಯಾಡಿಸಿ, ಬಿಸಿ ಎಲ್ಲಿ, ಊತ ಎಲ್ಲಿ, ಒತ್ತಿದರೆ ಬೆಚ್ಚುವದು ಎಲ್ಲಿ ಎಂದು ಹುಡುಕಬೇಕು. ಸತ್ತ ಪಶುವನ್ನು ಕೊಯ್ದು, ಬದುಕಿದ್ದಾಗ ತಾವು ಎಣಿಸಿದ್ದು ಸರಿಯೋ ತಪ್ಪೋ ಎಂದು ನೋಡುವರು. ರೋಗದಿಂದ ಕೆಟ್ಟ ಎಲುಬುಗಳನ್ನೂ ಅಂಗಗಳನ್ನೂ ಡಿಕ್ಕರು ಕೂಡಿಸಿ ಇಡುತ್ತಾ ಬಂದರು. ಕಡೆಗೆ ಎಡಿನ್‌ಬರೋ ವೈದ್ಯರು ವಿದ್ಯಾರ್ಥಿಗಳನ್ನು ಪರೀಕ್ಷೆ ಮಾಡಿ, ಯೋಗ್ಯರಾದವರಿಗೆ ಸೊಸೈಟಿಯ ಹೆಸರಿನಲ್ಲಿ ಪತ್ರ ಕೊಡುವರು. ಆಸ್ಪತ್ರೆಯಲ್ಲಿಯೇ ಶಾಲೆ, ರೋಗಿಯ ಬಳಿಯಲ್ಲಿಯೇ ಪಾಠ ಎಂಬ ಈ ಪದ್ಧತಿಯು ಇಂದಿಗೂ ಅನೇಕ ಪಶುವೈದ್ಯಶಾಲೆಗಳಲ್ಲಿ ನಡೆಯುತ್ತದೆ.

೧೮೩೩ರಲ್ಲಿ ಡಿಕ್ಕರು ಕ್ಲೈಡ್ ಬೀದಿಯಲ್ಲಿ ತಮ್ಮ ಸ್ವಂತ ಹಣದಿಂದ, ಸುಮಾರು ೨,೫೦೦ ಪೌಂಡು ವೆಚ್ಚ ಮಾಡಿ, ಶಾಲೆಗೆ ಕಟ್ಟಡವನ್ನು ಕಟ್ಟಿಸಿದರು. ಅದು ಕುಲುಮೆಯಲ್ಲಿಯೂ ಚಿಕಿತ್ಸೆಯಲ್ಲಿಯೂ ದುಡಿದು ಕೂಡಿಸಿದ ಹಣ. ಅವರು ಮದುವೆಯಾಗಲಿಲ್ಲ. ಸಹೋದರಿಯಾದ ಮೇರಿಯಮ್ಮನವರು ಮನೆಯನ್ನೂ ಶಾಲೆಯ ಲೆಕ್ಕಪತ್ರಗಳನ್ನೂ ನೋಡಿಕೊಂಡರು. ಈ ತಾಯಿಯ ವಿಷಯವಾಗಿ ಚರಿತ್ರೆಗಾರರು ಒಂದೆರಡು ಮಾತುಗಳಲ್ಲಿ ಮುಗಿಸಿಬಿಡುವದು ನ್ಯಾಯವಲ್ಲವೆಂದು ನಮಗೆ ತೋರುತ್ತದೆ. ಹಳ್ಳಿಗಳಿಂದ ಬಂದ ಹುಡುಗರು ಪಟ್ಟಣದ ಸಾರಾಯಿ ಅಂಗಡಿಗಳ ಕಡೆಗೆ ತಿರುಗದಂತೆಯೂ ಪಾಠಕ್ಕೆ ತಪ್ಪದಂತೆಯೂ ಕಣ್ಣಿಟ್ಟು ಕಾಯ್ದವರು ಅವರೇ. ಹುಡುಗರು ಗುರುವಿಗಿಂತ ಹೆಚ್ಚಾಗಿ ಅವರಿಗೆ ಅಂಜುತ್ತಿದ್ದರು. ಬೋರ್ಡಿಂಗಿನಲ್ಲಿ ಬೆಳೆದ ನಮ್ಮ ವಾಚಕರಿಗೆ ಅಂಥ ಅಮ್ಮನವರ ನೆನಪು ಇರಬಹುದು.

ಡಿಕ್ಕರು ನೇರ ಮಾತಿನವರೂ ಹಟಮಾರಿಗಳೂ ಆಗಿದ್ದರು. ೧೮೪೪ರಲ್ಲಿ ರಾಣಿಯ ಸನ್ನದಿನಿಂದ ಪಶುವೈದ್ಯರ ರಾಯಲ್ ಕಾಲೇಜೆಂಬ ಮಂಡಲಿಯು ಏರ್ಪಟ್ಟು, ಲಂಡನಿನ ಶಿಷ್ಯರೂ ಎಡಿನ್‌ಬರೋ ಶಿಷ್ಯರೂ ಅದರ ಅಂಗಗಳಾದರು. ಅಧಿಕಾರವೆಲ್ಲಾ ಲಂಡನಿನವರ ಕೈಯಲ್ಲಿದೆಯೆಂದು ಡಿಕ್ಕರು ಬೇಸರಗೊಂಡು ಅವರಿಂದ ದೂರವಾದರು. ಇವರ ಶಿಷ್ಯರು ಪುನಃ ಹೈಲೆಂಡ್ ಸೊಸೈಟಿಯ ಪತ್ರವನ್ನು ಪಡೆಯುತ್ತಾ ಬಂದರು. ಒಂದೇ ವಿದ್ಯೆಗೆ ಎರಡು ಬಗೆಯ ಪತ್ರಗಳಿದ್ದದ್ದು ಹಲವು ವರುಷ ಜಗಳಕ್ಕೆ ಕಾರಣವಾಯಿತು.

ಇದಕ್ಕಿಂತ ಭಾರವಾದ ಇನ್ನೊಂದು ಸಂಗತಿಯುಂಟು; ಅದನ್ನು ಮುಚ್ಚಿಟ್ಟರೆ ಚರಿತ್ರೆಯು ಸ್ತುತಿಪಾಠವಾದೀತು. ೧೮೪೦ರ ಸುಮಾರಿಗೆ ದನಗಳ ಶ್ವಾಸಕೋಶವನ್ನು ಕೊಳೆಸುವ ಒಂದು ಅಂಟುರೋಗವು ಪರದೇಶದ ದನಗಳೊಂದಿಗೆ ಬ್ರಿಟನ್ನಿಗೆ ಬಂದು, ಪಟ್ಟಣಗಳ ಹಾಲಿನ ಕೊಟ್ಟಿಗೆಗಳನ್ನು ಬರಿದು ಮಾಡಿತು. ಅದು ದನದಿಂದ ದನಕ್ಕೆ ಅಂಟುವದೆಂದು ಡಿಕ್ಕರು ಒಪ್ಪಲಿಲ್ಲ. ೧೮೫೭ರಲ್ಲಿ ಅದೇ ಪಟ್ಟಣದಲ್ಲಿ ಎದುರು ಶಾಲೆಯನ್ನು ತೆರೆದ ಜಾನ್ ಗ್ಯಾಮ್‌ಜೀ ಎಂಬವನು, ಅಂಟುವದೇ ನಿಜವೆಂದು ವಾದಿಸಿದನು. ಗ್ಯಾಮ್‌ಜೀಯ ಮಾತೇ ಸರಿಯಾಗಿತ್ತು. ಮೋಸಹೋಗುವದು ಸುಲಭವಾಗಿತ್ತೆಂಬದೂ ನಿಜ; ಆ ರೋಗವು ಒಂದು ದನದೊಳಗೆ ಹೊಕ್ಕು ಹಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ, ಹೊರಗೆ ಕಾಣದೆ ಅಡಗಿರುವದು; ಗುಣವಾದಂತೆ ತೋರುವ ದನವೂ ರೋಗವನ್ನು ಹೊತ್ತು ತಿರುಗುವದು. ಸೂಕ್ಷ್ಮಜೀವಿಗಳ ವಿದ್ಯೆಯು ಇನ್ನೂ ಹುಟ್ಟಿರಲಿಲ್ಲ. ಆದರೂ ಅಷ್ಟು ದೊಡ್ಡ ಗುರುವಿನ ಮಾತನ್ನು ನಂಬಿ ಸಂತೆಯಿಂದ ಹೊಸ ಹಸುವನ್ನು ತಂದು ಕಟ್ಟಿದವರ ನಷ್ಟವನ್ನು ಯಾರು ತುಂಬಿಕೊಟ್ಟಾರು? ರೋಗ ತಗಲಿದ ದನಗಳನ್ನು ಕೊಂದು ಹೂಳುವ ಕಠಿಣವಾದ ಕಾನೂನುಗಳಿಂದ, ಆ ವ್ಯಾಧಿಯು ೧೮೯೮ರಲ್ಲಿ ಬ್ರಿಟನ್ನಿನಿಂದ ತೊಲಗಿತು. ಅದರ ಸೂಕ್ಷ್ಮಜೀವಿಯನ್ನು ಫ್ರಾನ್ಸಿನ ಪಂಡಿತರು ಕಂಡುಹಿಡಿದದ್ದೂ ಅದೇ ವರುಷ.

೧೮೬೫ರ ಬೇಸಗೆಯಲ್ಲಿ ಇನ್ನೂ ಭಯಂಕರವಾದ ಬಾಧೆಯು ಲಂಡನಿನ ದನದ ಸಂತೆಯಲ್ಲಿ ಕಾಣಿಸಿಕೊಂಡಿತು. ನಮ್ಮ ಒಕ್ಕಲಿಗರು ದೊಡ್ಡರೋಗವೆಂದು ಹೆಸರಿಟ್ಟಿದ್ದ ಅದೇ ವ್ಯಾಧಿ. ಅದು ದೇಶವನ್ನೆಲ್ಲಾ ವ್ಯಾಪಿಸಿ ಕೊಟ್ಟಿಗೆಗಳು ಬರಿದಾಗುತ್ತಿದ್ದಾಗ, ೧೮೬೬ರ ಏಪ್ರಿಲ್ ೪ನೆಯ ತಾರೀಕಿನಲ್ಲಿ, ಡಿಕ್ಕರು ತಮ್ಮ ೭೨ನೆಯ ವಯಸ್ಸಿನಲ್ಲಿ ತೀರಿಹೋದರು. ಅಷ್ಟರಲ್ಲಿ ಇವರ ಕೈಕೆಳಗೆ ಕಲಿತು ಹೊರಟ ಪಶುವೈದ್ಯರು ೮೦೦ಕ್ಕೂ ಹೆಚ್ಚು. ಅವರಲ್ಲಿ ಜೇಮ್ಸ್ ಮೆಕಾಲ್ ಎಂಬವನು ಗ್ಲಾಸ್ಗೋ ಪಟ್ಟಣದಲ್ಲಿಯೂ ಆಂಡ್ರೂ ಸ್ಮಿತ್ ಎಂಬವನು ಕೆನಡಾ ದೇಶದ ಟೊರೊಂಟೋದಲ್ಲಿಯೂ ಪಶುವೈದ್ಯಶಾಲೆಗಳನ್ನು ಕಟ್ಟಿದರು. ೧೮೫೯ರಲ್ಲಿ ಇಲ್ಲಿ ಪತ್ರ ಪಡೆದ ಜಾನ್ ಬಾಯ್ಡ್ ಡನ್‌ಲಪ್ ಎಂಬವನು ೧೮೮೮ರಲ್ಲಿ ಗಾಳಿ ತುಂಬಿದ ರಬ್ಬರು ಚಕ್ರವನ್ನು ಸೈಕಲ್ಲಿಗೆ ಹಾಕಿ ಬಳಕೆಗೆ ತಂದನು. ನಮ್ಮ ಉಪದೇಶಿಗಳು ಕಲ್ಲುದಾರಿಯಲ್ಲಿ ಸೈಕಲ್ ತುಳಿದು ಸಭೆಗಳಿಗೆ ಹೋದದ್ದಕ್ಕೆ ಒಬ್ಬ ದನದ ವೈದ್ಯನಿಗೂ ಉಪಕಾರ ಹೇಳಬೇಕಾಯಿತು!

ಡಿಕ್ಕರು ತಮ್ಮ ಶಾಲೆಯನ್ನೂ ಆಸ್ತಿಯನ್ನೂ ಎಡಿನ್‌ಬರೋ ನಗರಸಭೆಯ ವಶಕ್ಕೆ, ಶಾಲೆಯ ಉಪಯೋಗಕ್ಕಾಗಿಯೇ, ಉಯಿಲಿನಲ್ಲಿ ಬರೆದಿಟ್ಟಿದ್ದರು. ಆದರೂ ಶಾಂತಿಯುಂಟಾಗಲಿಲ್ಲ. ೧೮೬೭ರಲ್ಲಿ ಮುಖ್ಯಸ್ಥನಾದ ವಿಲಿಯಂ ವಿಲಿಯಮ್ಸ್ ಎಂಬವನು ನಗರಸಭೆಯವರೊಂದಿಗೆ ಒಡಕು ಬಂದು, ೧೮೭೩ರಲ್ಲಿ ಹೆಚ್ಚಿನ ವಿದ್ಯಾರ್ಥಿಗಳನ್ನು ಕರಕೊಂಡು ಹೊರಟು ಬೇರೆ ಶಾಲೆಯನ್ನು ತೆರೆದನು. ಹಳೆಯ ಶಾಲೆಯ ಬೆಂಚುಗಳು ಬರಿದಾದವು. ಆಗ ಮೇರಿಯಮ್ಮನವರು ಎಂಬತ್ತು ವರುಷದ ಮುದುಕಿ. ತಮ್ಮನ್ನು ಬಿಟ್ಟುಹೋದವರನ್ನು ನೋಡಿಯೂ ಎದೆಗುಂದದೆ, ೧೮೮೩ರಲ್ಲಿ ತಾವು ತೀರುವ ವರೆಗೆ ಆ ಶಾಲೆಯ ಮೇಲೆಯೇ ಮನಸ್ಸಿಟ್ಟಿದ್ದರು. ಶಾಲೆಯು ಪುನಃ ತುಂಬಿತು. ವಿಲಿಯಮ್ಸನ ಶಾಲೆಗೆ ೧೮೯೪ರಲ್ಲಿ ಏಲೀನ್ ಕಸ್ಟ್ ಎಂಬ ಹೆಂಗಸು ಸೇರಿದಳು; ಆಕೆಯು ಕಲಿತು ಮುಗಿಸಿದರೂ ಹೆಂಗಸೆಂಬ ಕಾರಣದಿಂದ ೧೯೨೨ರ ವರೆಗೆ ಪತ್ರ ಕೊಡಲಿಲ್ಲ. ಅದು ಬೇರೆಯೇ ಚರಿತ್ರೆ.

ಇತ್ತ ಹಿಂದೂದೇಶದಲ್ಲಿ ಲಾಹೋರಿನಲ್ಲಿ ೧೮೮೨ರಲ್ಲಿಯೂ ಬೊಂಬಾಯಿಯಲ್ಲಿ ೧೮೮೬ರಲ್ಲಿಯೂ ಮದ್ರಾಸಿನಲ್ಲಿ ೧೯೦೩ರಲ್ಲಿಯೂ ಆಸ್ಪತ್ರೆಯೊಂದಿಗೆ ಕೂಡಿದ ಅಂಥ ಶಾಲೆಗಳು ಹುಟ್ಟಿದವು. ಬೆಂಗಳೂರಿನ ಹೆಬ್ಬಾಳದಲ್ಲಿ ೧೯೫೮ರಲ್ಲಿ ಕಾಲೇಜು ತೆರೆಯಿತು. ಇಂಥ ಶಾಲೆಗಳಲ್ಲಿ ಕಲಿತವರು ಊರೂರು ತಿರುಗಿ ಲಸಿಕೆ ಚುಚ್ಚಿದ್ದರಿಂದ, ಡಿಕ್ಕರ ಕಡೆಯ ದಿನಗಳಲ್ಲಿ ಬ್ರಿಟನ್ನನ್ನು ನಡುಗಿಸಿದ ಆ ದೊಡ್ಡರೋಗವು ೨೦೧೧ರಲ್ಲಿ ಭೂಲೋಕದಿಂದಲೇ ನಿರ್ಮೂಲವಾಯಿತೆಂದು ಪ್ರಕಟವಾಯಿತು. ಮನುಷ್ಯರ ಮೈಲಿಯ ತರುವಾಯ ಹೀಗೆ ಪೂರ್ಣವಾಗಿ ಅಳಿದ ರೋಗವು ಇದೊಂದೇ.

ಕ್ಲೈಡ್ ಬೀದಿಯ ಶಾಲೆಯು ೧೯೧೬ರಲ್ಲಿ ಸಮ್ಮರ್‌ಹಾಲ್ ಎಂಬಲ್ಲಿಗೂ, ೨೦೧೧ರಲ್ಲಿ ಪಟ್ಟಣದ ಹೊರಗೆ ಪೆಂಟ್‌ಲೆಂಡ್ ಗುಡ್ಡಗಳ ಬಳಿಯ ಈಸ್ಟರ್ ಬುಷ್ ಎಂಬಲ್ಲಿಗೂ ಸ್ಥಳ ಬದಲಾಯಿಸಿತು. ೧೯೫೧ರಿಂದ ಅದು ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಸೇರಿದೆ. ಕುದುರೆಗಳಿಗೂ ದನಕುರಿಗಳಿಗೂ ನಾಯಿಬೆಕ್ಕುಗಳಿಗೂ ಅಲ್ಲಿ ಆಸ್ಪತ್ರೆಗಳುಂಟು. ಕಡೆಯ ವರುಷದ ವಿದ್ಯಾರ್ಥಿಗಳು ಅವುಗಳಲ್ಲಿಯೇ ಕೆಲಸ ಕಲಿಯುವರು. ರಾಜಮನ್ನಣೆಯ ರಾಯಲ್ ಎಂಬ ಪದದ ಪಕ್ಕದಲ್ಲಿಯೇ, ಕಂಸಗಳ ನಡುವೆ, ಲಾಳಗಾರನ ಮಗನ ಹೆಸರನ್ನು ಸೇರಿಸಿ ಆ ಶಾಲೆಯನ್ನು ರಾಯಲ್ (ಡಿಕ್) ಪಶುವೈದ್ಯಶಾಲೆಯೆಂದು ಈಗಲೂ ಬರೆಯುತ್ತಾರೆ.