ಕರ್ಮವೀರ ಭಾವುರಾವ ಪಾಟೀಲರು ಮತ್ತು ಅವರ ಒಡನಾಡಿಗಳು

ಕುಂಭೋಜದ ಬಾಹುಬಲಿ ಕ್ಷೇತ್ರಕ್ಕೆ ಯಾತ್ರೆ ಮಾಡದ ಜೈನ ಕುಟುಂಬವು ನಮ್ಮ ಗಡಿ ಸೀಮೆಯಲ್ಲಿ ವಿರಳ. ಅದೇ ಕುಂಭೋಜ ಗ್ರಾಮದಲ್ಲಿ, ತಾಯಿಯ ತವರುಮನೆಯಲ್ಲಿ, 1887ರ ಸೆಪ್ಟೆಂಬರ್ 22ರಂದು ಭಾವುರಾವ ಪಾಟೀಲರು ಜನಿಸಿದರು. ಅವರ ಪೂರ್ವಜರು ಮೂಡಬಿದಿರೆಯ ಕಡೆಯಿಂದ ವಲಸೆ ಬಂದವರೆಂದು ಚರಿತ್ರಕಾರರು ಬರೆದಿದ್ದಾರೆ. ಆದ್ದರಿಂದ ಕನ್ನಡಿಗರೂ ಮರಾಠಿ ಬಾಂಧವರೂ ಅವರನ್ನು ತಮ್ಮವರೆಂದರೆ ತಪ್ಪಾಗದು.

ಬಾಲ್ಯದಲ್ಲಿ ಅವರು ಕೊಲ್ಹಾಪುರದ ಜೈನ ಬೋರ್ಡಿಂಗ್‌ನಲ್ಲಿದ್ದು ವಿದ್ಯಾಭ್ಯಾಸ ಮಾಡುತ್ತಿದ್ದರು. ಅಸ್ಪೃಶ್ಯರೆನಿಸಿಕೊಂಡಿದ್ದ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದ ಅವರಿಗೆ ಸ್ನಾನ ಮಾಡಿಯೇ ಒಳಬರಬೇಕೆಂದು ಅಪ್ಪಣೆಯಾಯಿತು. ಅವರು ಒಪ್ಪಲಿಲ್ಲ. ಬೋರ್ಡಿಂಗ್‌ನಿಂದ ಹೊರಹಾಕಲ್ಪಟ್ಟರು. ನಮ್ಮ ಸಮಾಜದಲ್ಲಿಯೇ ಹೀಗೆ ನಡೆಯಿತೆಂಬುದನ್ನು ಉತ್ಸವದ ಸಂಚಿಕೆಯೆಂದು ಮರೆಮಾಚುವುದು ಸರಿಯಲ್ಲ. ಛತ್ರಪತಿ ಶಾಹು ಮಹಾರಾಜರು ಅವರಿಗೆ ಆಶ್ರಯವಿತ್ತರು. ಆದರೂ ಮೆಟ್ರಿಕ್ ಮುಗಿಯಲಿಲ್ಲ.

ಮುಂದೆ ಸಾತಾರೆಯಲ್ಲಿ ಮನೆಪಾಠ ಹೇಳಿದರು, ವಿಮೆಯ ಕೆಲಸ ಮಾಡಿದರು, ಕಿರ್ಲೋಸ್ಕರರ ಕಬ್ಬಿಣದ ನೇಗಿಲುಗಳನ್ನು ಹಳ್ಳಿಹಳ್ಳಿಗೆ ತಿರುಗಿ ಮಾರಿದರು. ಮಾರಾಟಕ್ಕಾಗಿ ತಿರುಗುವವನು ಸಾಮಾನ್ಯವಾಗಿ ಗಿರಾಕಿಯ ಕಿಸೆಯನ್ನು ನೋಡುತ್ತಾನೆ. ವ್ಯಾಪಾರಿಯಾದ ನನಗೆ ಅದು ಗೊತ್ತು. ಭಾವುರಾವರಾದರೋ ಶಾಲೆಯ ಮುಖ ಕಾಣದ ರೈತರ ಮಕ್ಕಳನ್ನು ನೋಡಿದರು. 1919ರಲ್ಲಿ ಕರಾಡ ತಾಲ್ಲೂಕಿನ ಕಾಲೇ ಗ್ರಾಮದಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಂಸ್ಥೆಯು ಸಾತಾರೆಗೆ ಬಂದಿತು. ಅಲ್ಲಿಯ ವಸತಿಗೃಹದಲ್ಲಿ ಮಹಾರ, ಮರಾಠ, ಮುಸಲ್ಮಾನ, ಜೈನ ಎಂಬ ಭೇದವಿಲ್ಲದೆ ಹುಡುಗರು ಒಟ್ಟಿಗೆ ಅಡಿಗೆ ಮಾಡಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. 1927ರಲ್ಲಿ ಮಹಾತ್ಮಾ ಗಾಂಧಿಯವರು ಅದಕ್ಕೆ ಶಾಹು ಮಹಾರಾಜರ ಹೆಸರನ್ನಿಟ್ಟರು.

ಇಲ್ಲಿ ಮುಖ್ಯವಾಗಿ ನೆನೆಯಬೇಕಾದವರು ಅವರ ಧರ್ಮಪತ್ನಿ ಲಕ್ಷ್ಮೀಬಾಯಿಯವರು. ಕುಂಭೋಜದ ಆಚಾರವಂತ ಜೈನ ಮನೆತನದ ಮಗಳು. ಮಡಿ ಮೈಲಿಗೆಗಳಲ್ಲಿ ಬೆಳೆದ ಆ ತಾಯಿಗೆ ಎಲ್ಲ ಜಾತಿಯ ಮಕ್ಕಳು ಅಂಗಳಕ್ಕೆ ಬಂದಾಗ ಸಂಕೋಚವಾಗಿದ್ದರೆ ಸಹಜವೇ. ಪತಿಯು ಪರರ ಮಕ್ಕಳಿಗಾಗಿ ಸವೆಯುತ್ತಿದ್ದುದನ್ನು ದಿನದಿನವೂ ಕಂಡ ಆಕೆ ಅದೇ ಮಕ್ಕಳ ತಾಯಿಯಾದರು, ಕಾಯಿಲೆಯವರ ಶುಶ್ರೂಷೆ ಮಾಡಿದರು. ಬೋರ್ಡಿಂಗ್‌ನಲ್ಲಿ ಧಾನ್ಯ ತೀರಿದಾಗಲೆಲ್ಲ ತವರಿನ ಚಿನ್ನ ಒಂದೊಂದಾಗಿ ಹೋಯಿತು. ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. ಗಂಡ ಜೀವಂತವಿರುವಾಗ ಕೊರಳ ಮಂಗಳಸೂತ್ರ ತೆಗೆದುಕೊಡುವುದೆಂದರೇನೆಂಬುದು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಹೇಳಬೇಕಾದುದಿಲ್ಲ. 1930ರಲ್ಲಿ ಆಕೆ ತೀರಿಕೊಂಡರು. ಸಂಸ್ಥೆಯ ವೈಭವವನ್ನು ಕಾಣಲಿಲ್ಲ.

ದುಡಿದು ಕಲಿಯುವುದು ಅಲ್ಲಿಯ ಪದ್ಧತಿ. ಸಂಸ್ಥಾಪಕರೇ ಖಾದಿಯುಟ್ಟು ಸರಳವಾಗಿ ಬಾಳುತ್ತಿರಲು ಹುಡುಗರಿಗೆ ಗುದ್ದಲಿ ಹಿಡಿಯುವುದು ಅವಮಾನವೆನಿಸಲಿಲ್ಲ. ಕೋಪ ಅವರಿಗೆ ಬೇಗ ಬರುತ್ತಿತ್ತು, ನಿಷ್ಠುರ ಮಾತಿನಿಂದ ದೊಡ್ಡವರ ವಿರೋಧವನ್ನೂ ಕಟ್ಟಿಕೊಂಡರು. 1948ರಲ್ಲಿ ಮುಂಬಯಿ ಸರ್ಕಾರವು ಅನುದಾನವನ್ನೇ ನಿಲ್ಲಿಸಿತು. ತರುವಾಯ ಪುನಃ ದೊರೆಯಿತು. ಆ ಕಷ್ಟದಲ್ಲಿಯೂ ಸಂಸ್ಥೆಯು ಮುಚ್ಚಲಿಲ್ಲ.

ಆ ವಸತಿಗೃಹದ ವಿದ್ಯಾರ್ಥಿಗಳಲ್ಲೊಬ್ಬರು ಪಿ. ಜಿ. ಪಾಟೀಲರು. ಇಂಗ್ಲೆಂಡಿನಿಂದ ಬ್ಯಾರಿಸ್ಟರ್ ಆಗಿ ಮರಳಿದ ಅವರು ಹಣ ತರುವ ವಕೀಲಿಯನ್ನು ಬಿಟ್ಟು, ತಮ್ಮನ್ನು ಸಾಕಿದ ಸಂಸ್ಥೆಯಲ್ಲಿಯೇ ಅಧ್ಯಾಪಕರಾದರು. ಮುಂದೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ಆದರೆ ಅದನ್ನು ಕಾಣಲು ಭಾವುರಾವರಿರಲಿಲ್ಲ. ಪದ್ಮಭೂಷಣ ಪ್ರಶಸ್ತಿ ಸಂದ 1959ರಲ್ಲಿಯೇ, ಮೇ 9ರಂದು, ಪುಣೆಯಲ್ಲಿ ಅವರು ದೇಹವಿಟ್ಟಿದ್ದರು.