ಬೆಳಿಗ್ಗೆ ಸ್ಕೂಬಾ ಡೈವ್, ಸಂಜೆ ವಿಮಾನ: ಸರಿಯೇ? ಉತ್ತರ ಕೊಟ್ಟದ್ದು ಮೇಕೆಗಳು!

ಮಳೆಗಾಲ ಮುಗಿಯುತ್ತಿದ್ದಂತೆ ಕಲ್ಯಾಣಪುರದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ನೇತ್ರಾಣಿ ಪ್ರವಾಸದ ಮಾತು ಶುರುವಾಗುತ್ತದೆ. ಹೆದ್ದಾರಿ 66ರಲ್ಲಿ ಮುರುಡೇಶ್ವರ, ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ದೂರದ ದ್ವೀಪ, ಒಂದು ಡೈವ್. ಮುಂಬೈಯಿಂದ ಬಂದ ನೆಂಟರಿಗೆ ಅದೇ ಸಂಜೆ ಮಂಗಳೂರಿನಿಂದ ವಿಮಾನ. ಈ ಯೋಜನೆಯಲ್ಲಿ ಕೊನೆಯ ಭಾಗವೇ ಅಪಾಯ. ಯಾಕೆಂದು ತಿಳಿಯಲು ಜಾನ್ ಸ್ಕಾಟ್ ಹಾಲ್ಡೇನ್ ಅವರ ಬದುಕನ್ನು ನೋಡೋಣ.

1860ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಹಾಲ್ಡೇನ್ ಓದಿದ್ದು ವೈದ್ಯಕೀಯ. ಆಕ್ಸ್‌ಫರ್ಡ್‌ನಲ್ಲಿ ಅವರು ಜೀವನವಿಡೀ ಅಧ್ಯಯನ ಮಾಡಿದ್ದು ಉಸಿರಾಟವನ್ನು. ಕಲ್ಲಿದ್ದಲು ಗಣಿಗಳಲ್ಲಿ ಸ್ಫೋಟದ ನಂತರ ಹೆಚ್ಚಿನವರನ್ನು ಕೊಲ್ಲುವುದು ಕಾರ್ಬನ್ ಮೊನಾಕ್ಸೈಡ್ ಎಂದು ತೋರಿಸಿದವರು ಅವರೇ. ಆ ಅನಿಲವನ್ನು ತಾವೇ ಉಸಿರಾಡಿ ಪರೀಕ್ಷಿಸಿಕೊಂಡರು.

ಆಗ ನೀರಿನಾಳದಿಂದ ಮೇಲೆ ಬಂದ ಮುಳುಗುಗಾರರಿಗೆ ಕೀಲುನೋವು, ಪಾರ್ಶ್ವವಾಯು, ಕೆಲವೊಮ್ಮೆ ಸಾವೂ ಬರುತ್ತಿತ್ತು. ಕಾರಣ ಗೋಲಿ ಸೋಡಾದಂತೆ. ಸಿಲಿಂಡರಿನಲ್ಲಿ ಇರುವುದು ಬರೀ ಆಮ್ಲಜನಕ ಎಂದು ಹಲವರು ತಿಳಿದಿದ್ದಾರೆ. ಸಾಮಾನ್ಯವಾಗಿ ಇರುವುದು ನಾವು ಉಸಿರಾಡುವ ಗಾಳಿಯೇ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗುತ್ತದೆ, ಹೆಚ್ಚು ಸಾರಜನಕ ರಕ್ತದಲ್ಲಿ ಕರಗುತ್ತದೆ. ಒತ್ತಡ ಏಕಾಏಕಿ ಇಳಿದರೆ ಅದು ಗುಳ್ಳೆಯಾಗಿ ಹೊರಬರುತ್ತದೆ. ನಿಧಾನಕ್ಕೆ ಮೇಲೆ ಬರಬೇಕೆಂದು ಗೊತ್ತಿತ್ತು. ಎಷ್ಟು ನಿಧಾನ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಬ್ರಿಟಿಷ್ ನೌಕಾಪಡೆಗಾಗಿ ಹಾಲ್ಡೇನ್ ಲಂಡನ್ನಿನಲ್ಲಿ ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷಿಸಿದರು. ನೋವಾದ ಮೇಕೆ ಕಾಲೆತ್ತಿ ನಿಲ್ಲುತ್ತಿತ್ತು. ಹಂತಹಂತವಾಗಿ, ನಡುನಡುವೆ ನಿಂತು ಮೇಲೆ ಬರುವ ಲೆಕ್ಕ ಹೀಗೆ ಸಿಕ್ಕಿತು. 1906ರಲ್ಲಿ ಸ್ಕಾಟ್ಲೆಂಡಿನ ಸಮುದ್ರದಲ್ಲಿ ನೌಕಾಪಡೆಯ ಮುಳುಗುಗಾರರು ಅದನ್ನು ಪರೀಕ್ಷಿಸಿದರು. 13 ವರ್ಷದ ಮಗನನ್ನೂ ಹಾಲ್ಡೇನ್ ನೀರಿಗಿಳಿಸಿದ್ದರು! ಆ ಮಗ ಜೆ.ಬಿ.ಎಸ್. ಹಾಲ್ಡೇನ್ ಮುಂದೆ ದೊಡ್ಡ ಜೀವವಿಜ್ಞಾನಿಯಾಗಿ, 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ತಂದೆಯ ಕೋಷ್ಟಕಗಳು 1908ರಲ್ಲಿ ಪ್ರಕಟವಾದವು. ಇಂದು ಕೈಗೆ ಕಟ್ಟುವ ಡೈವ್ ಕಂಪ್ಯೂಟರಿನ ಲೆಕ್ಕಕ್ಕೂ ಅವೇ ಬುನಾದಿ. ಹಾಲ್ಡೇನ್ ಕೊನೆವರೆಗೂ ಸುಮ್ಮನೆ ಕೂರಲಿಲ್ಲ. ಪರ್ಷಿಯಾದ ತೈಲ ಸಂಸ್ಕರಣಾಗಾರಗಳಲ್ಲಿ ಕೆಲಸಗಾರರಿಗೆ ಬಿಸಿಲಾಘಾತ ಏಕೆ ಆಗುತ್ತಿದೆ ಎಂದು ನೋಡಿ ಮರಳಿದ ಮೇಲೆ, 1936ರಲ್ಲಿ ನ್ಯುಮೋನಿಯಾದಿಂದ ನಿಧನರಾದರು.

ಈಗ ನಮ್ಮ ನೆಂಟರ ವಿಮಾನಕ್ಕೆ ಬರೋಣ. ಹಾರುವಾಗ ವಿಮಾನದೊಳಗಿನ ಒತ್ತಡ ನೆಲಮಟ್ಟಕ್ಕಿಂತ ಕಡಿಮೆ. ದೇಹದಲ್ಲಿ ಉಳಿದ ಸಾರಜನಕ ಅಲ್ಲಿ ಗುಳ್ಳೆಯಾಗಬಹುದು. ಆದ್ದರಿಂದ ಸಾಮಾನ್ಯ ಡೈವ್ ಒಂದೇ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಘಾಟಿ ಹತ್ತಿ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಹೊರಡುವವರಿಗೂ ಇದೇ ಎಚ್ಚರ ಬೇಕು. ಡೈವ್ ನಂತರ ಕೀಲುನೋವು, ಮರಗಟ್ಟುವಿಕೆ, ತಲೆಸುತ್ತು ಕಂಡರೆ ಸುಸ್ತೆಂದು ಮಲಗಬೇಡಿ, ಆಸ್ಪತ್ರೆಗೆ ಹೋಗಿ ಡೈವ್ ಮಾಡಿದ್ದನ್ನು ಮೊದಲೇ ಹೇಳಿ.

ಪರಿಹಾರ ಸುಲಭ: ಡೈವ್ ಮೊದಲ ದಿನಕ್ಕಿರಲಿ, ದೇವಸ್ಥಾನ, ಬೀಚು ಕೊನೆಯ ದಿನಕ್ಕಿರಲಿ. ಟಿಕೆಟ್ ಕಾಯ್ದಿರಿಸುವ ಮೊದಲೇ ಇದನ್ನು ನಿಮ್ಮ ಗುಂಪಿಗೆ ಕಳಿಸಿ.